ಹೇಳಿದಷ್ಟೇ ಬರೆಯಿರಿ

ಕ್ಯಾನ್ಸರ್ ರೋಗಿಗಳ ದಿನನಿತ್ಯದ ನೆಮ್ಮದಿಯನ್ನು ಅಳೆಯುವ ಪ್ರಶ್ನಾವಳಿಯೊಂದರ ಕೊರಿಯನ್ ಅನುವಾದ ಸರಿಯಿದೆಯೇ ಎಂದು ತೀರ್ಪು ಕೊಡುವ ತ್ಯಾಗರಾಜರಿಗೆ ಕೊರಿಯನ್ ಭಾಷೆಯ ಒಂದಕ್ಷರವೂ ಬಾರದು. ಅದನ್ನೇ ಅವರು ತಮ್ಮ ಅರ್ಹತೆಯೆಂದು ನಂಬಿದ್ದಾರೆ. "ಭಾಷೆ ಬಂದ್ರೆ ಕನಿಕರ ಬರುತ್ತೆ, ಕನಿಕರ ಬಂದ್ರೆ ಡೇಟಾ ಕೆಡುತ್ತೆ" ಎನ್ನುತ್ತಾರೆ. ಲಾಕ್‌ಡೌನ್ ಶುರುವಾದ ಮೇಲೆ ನೆದರ್ಲೆಂಡ್ಸ್‌ನ ವೂರ್‌ಬರ್ಗ್‌ನಲ್ಲಿರುವ ಮನೆಯ ಊಟದ ಮೇಜೇ ಅವರ ನ್ಯಾಯಪೀಠ. ಕ್ಯಾಮೆರಾಕ್ಕೆ ಕಾಣುವಷ್ಟು ಇಸ್ತ್ರಿಯ ಅಂಗಿ, ಕಾಣದಲ್ಲಿ ಪಂಚೆ. ಸಿಯೋಲ್‌ನಲ್ಲಿ ಆ ಪ್ರಶ್ನೆಗಳನ್ನು ರೋಗಿಗಳಿಗೆ ಕೇಳಿ ಉತ್ತರಗಳನ್ನು ಇಂಗ್ಲಿಷಿನಲ್ಲಿ ಕಳಿಸುವ ಸಹಾಯಕಿ, 'ನೋವಿಲ್ಲ ಎಂದರು, ಆದರೆ ಹೊಟ್ಟೆ ಹಿಡಿದುಕೊಂಡೇ ಹೇಳಿದರು' ಎಂದು ಟಿಪ್ಪಣಿ ಸೇರಿಸಿದರೆ ಇವರ ಹುಬ್ಬು ಗಂಟಿಕ್ಕುತ್ತದೆ. ಹೇಳಿದಷ್ಟೇ ಬರೆಯಿರಿ ಎಂದು ಇಂಗ್ಲಿಷಿನಲ್ಲಿ ಗದರಿ ಆ ಸಾಲನ್ನು ಅಳಿಸುತ್ತಾರೆ. ರೋಗಿಯೊಬ್ಬರ ಸಂಕಟವನ್ನು ಅಳಿಸಿ ಚಹಾ ಹೀರುವ ಈ ನೆಮ್ಮದಿಯನ್ನು ಅಳೆಯಬಲ್ಲ ಪ್ರಶ್ನಾವಳಿ ಇನ್ನೂ ಹುಟ್ಟಿಲ್ಲ. ಅವರ ಪತ್ನಿ ಪದ್ಮಿನಿಯವರಿಗೂ ಅದೇ ಕಾಯಿಲೆ. ಸೋಂಕಿನ ಭಯಕ್ಕೆ ಆಸ್ಪತ್ರೆಯ ನರ್ಸ್ ವಾರಕ್ಕೊಮ್ಮೆ ಫೋನಿನಲ್ಲೇ ಡಚ್ ಭಾಷೆಯಲ್ಲಿ ವಿಚಾರಿಸುತ್ತಾಳೆ, ದುಭಾಷಿ ತ್ಯಾಗರಾಜರೇ. ನೋವು ಹೇಗಿದೆ ಎಂದರೆ ಪದ್ಮಿನಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, "ಪರವಾಗಿಲ್ಲ ಅನ್ನಿ. ಪಾಪ, ಅವರಿಗ್ಯಾಕೆ ತೊಂದರೆ" ಎನ್ನುತ್ತಾರೆ. ತ್ಯಾಗರಾಜರು ನರ್ಸ್‌ಗೆ, ತುಂಬಾ ನೋವಿದೆ, ಹೊಟ್ಟೆ ಹಿಡಿದುಕೊಂಡಿದ್ದಾಳೆ, ದಯವಿಟ್ಟು ಔಷಧಿ ಹೆಚ್ಚಿಸಿ ಎಂದು ತಿಳಿಸುತ್ತಾರೆ. "ನಾನು ಅಷ್ಟುದ್ದ ಹೇಳ್ಲಿಲ್ವಲ್ಲ ರೀ?" "ಡಚ್ಚಲ್ಲಿ ಎಲ್ಲಾ ಉದ್ದನೇ ಕಣೇ" ಎಂದು ಸುಳ್ಳು ಹೇಳಿ, ಹೆಂಡತಿಯ ಹೊದಿಕೆ ಸರಿಪಡಿಸಿ, ಮೇಜಿಗೆ ಮರಳಿ, ಸಿಯೋಲ್‌ನಿಂದ ಬಂದ ಮುಂದಿನ ಟಿಪ್ಪಣಿಯನ್ನು ಅಳಿಸುತ್ತಾರೆ.