ಶಾಲೆಯನ್ನು ಕೈಬಿಟ್ಟ ಲೆಕ್ಕ

ಸಂಖ್ಯಾಶಾಸ್ತ್ರ ವಿಭಾಗದ ಹುಡುಗರು ಅವಳನ್ನು ಟೀಚರಮ್ಮ ಎಂದು ಕರೆಯುತ್ತಿದ್ದರು. ಪ್ರಾಥಮಿಕ ಶಾಲೆಯಿಂದ ರಜೆ ಹಾಕಿ ಸ್ನಾತಕೋತ್ತರ ಓದಿಗೆ ಬಂದ, ತಲೆ ನರೆಯುತ್ತಿದ್ದ ಹೆಂಗಸು. ಮೊದಮೊದಲು ಆ ಹೆಸರು ಚೇಷ್ಟೆಯದಾಗಿತ್ತು. ಸರಳ ಮಾದರಿಗಳ ತನಕ ಹೇಗೋ ಏಗಿದ ಹುಡುಗರು, ಗುಂಪಿನ ಪ್ರಭಾವವನ್ನು ಬೇರೆ ಮಾಡಿ ಅಳೆಯುವ ಮಿಶ್ರ ಮಾದರಿಗಳ ಪಾಠ ಶುರುವಾದದ್ದೇ ಕೈಚೆಲ್ಲಿ ಕೂತರು. ಆಮೇಲೆ ಕ್ಯಾಂಟೀನಿನ ಮೂಲೆಯ ಮೇಜೇ ಅವಳ ತರಗತಿಯಾಯಿತು.

"ಒಂದೇ ಕ್ಲಾಸಿನ ನಲವತ್ತು ಮಕ್ಕಳು ನಲವತ್ತು ಸಾಕ್ಷಿ ಅಲ್ಲ ಕಣ್ರೋ," ಎನ್ನುತ್ತಿದ್ದಳು. "ಟೀಚರ್ ಚೆನ್ನಾಗಿದ್ರೆ ಎಲ್ಲಾ ಒಟ್ಟಿಗೆ ಮೇಲೆ ಬರ್ತವೆ, ಇಲ್ದಿದ್ರೆ ಒಟ್ಟಿಗೆ ಮುಳುಗ್ತವೆ. ಶಾಲೆ ಪಾಲನ್ನ ಬೇರೆ ತೆಗೆದಿಟ್ಟು ಆಮೇಲೆ ಮಾತಾಡಿ."

ಆ ವಿಭಾಗದಲ್ಲಿ ಪ್ರಬಂಧಕ್ಕೆ ಬೇಕಾದ ಅಂಕಿಅಂಶ ಮಾರ್ಗದರ್ಶಕರ ಬೀರುವಿನಿಂದಲೇ ಬರಬೇಕು, ಉತ್ತರವೂ ಅವರ ಹಳೆಯ ಲೇಖನಕ್ಕೆ ತಾಳೆಯಾಗಬೇಕು. ಯಾರೂ ಬರೆದಿಡದ ಕಾನೂನು. ಅವಳ ಪಾಲಿಗೆ ಬಂದದ್ದು, ಮಕ್ಕಳಿಗೆ ಓದು ಕಲಿಸಲು ಬಂದ ಹೊಸ ಕಿಟ್ಟನ್ನು ಕೆಲವು ಶಾಲೆಗಳಲ್ಲಿ ಬಳಸಿ ನೋಡಿದಾಗಿನ ಅಂಕಗಳು. ಕಿಟ್ ಬಳಸಿದ ಮಕ್ಕಳು ಚೆನ್ನಾಗಿ ಓದುತ್ತಾರೆಂದು ಮಾರ್ಗದರ್ಶಕರು ಆಗಲೇ ಬರೆದು ಶಾಲು ಹೊದೆಸಿಕೊಂಡಿದ್ದರು. ಇವಳು ಶಾಲೆಯನ್ನು ಲೆಕ್ಕಕ್ಕೆ ಸೇರಿಸಿದಳು. ಕಿಟ್ಟಿನ ಮಹಿಮೆ ಆವಿಯಾಯಿತು. ಕಿಟ್ ಹೋಗಿದ್ದು ಮೊದಲೇ ಚೆನ್ನಾಗಿದ್ದ ಕೆಲವೇ ಶಾಲೆಗಳಿಗೆ.

ಮಾರ್ಗದರ್ಶಕರು ಸಿಟ್ಟಾಗಲಿಲ್ಲ. ಟೀ ತರಿಸಿದರು.

"ನೋಡಮ್ಮಾ, ನಿನ್ನ ಲೆಕ್ಕ ತಪ್ಪು ಅಂತ ನಾನು ಹೇಳ್ತಿಲ್ಲ. ನಿನ್ನ ಪ್ರಬಂಧಕ್ಕೆ ಬೇಡ ಅಂತಿದೀನಿ."

ಸರ್ಕಾರದವರು ಎಲ್ಲ ಶಾಲೆಗೂ ಕಿಟ್ ಕೊಡಲು ಹೊರಟಿದ್ದಾರಲ್ಲ ಸರ್ ಎಂದು ಅವಳು ಕೇಳಿದಳು. ಕೊಟ್ಟರೆ ಯಾವ ಮಗುವಿಗೆ ಏನು ನಷ್ಟ ಎಂದು ಅವರು ನಕ್ಕರು. ನಷ್ಟ ಏನೆಂದು ಅವಳಿಗೆ ಗೊತ್ತಿತ್ತು. ಕಿಟ್ಟಿಗೆ ಜಾಗ ಮಾಡಲು ಕಥೆ ಪುಸ್ತಕದ ಪೀರಿಯಡ್ಡಿಗೆ ಕತ್ತರಿ ಬೀಳುತ್ತಿತ್ತು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಇದ್ದದ್ದು ಅದೊಂದೇ.

ಪ್ರಬಂಧಕ್ಕೆ ಬೀಳಬೇಕಾದ ಮಾರ್ಗದರ್ಶಕರ ಸಹಿ ಮುಂದಕ್ಕೆ ಹೋಗುತ್ತ ಹೋಯಿತು. ರಜೆ ಮುಗಿಯುತ್ತ ಬಂತು. ಪದವಿಯಿಲ್ಲದೆ ಹಿಂತಿರುಗಿದರೆ ಇಷ್ಟು ದಿನದ ಓದು ನೀರುಪಾಲು. ಅವಳ ಇಬ್ಬರು ಮಕ್ಕಳನ್ನು ತನ್ನ ಮಕ್ಕಳ ಜೊತೆಗೇ ಸಾಕುತ್ತಿದ್ದ ಅಕ್ಕ ಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಳು: "ನೀನು ಕಲಿತಿದ್ದನ್ನ ಯಾರೂ ಕಿತ್ಕೊಳ್ಳಲ್ಲ ಕಣೇ. ಅವರಿಗೆ ಬೇಕಾದ್ದು ಬರ್ಕೊಟ್ಟು ಬಾ. ನನಗೂ ಸಾಕಾಗಿದೆ."

ಅವಳು ಶಾಲೆಯನ್ನು ಲೆಕ್ಕಕ್ಕೆ ಸೇರಿಸಿದ ಅಧ್ಯಾಯವನ್ನೇ ತೆಗೆದುಹಾಕಿದಳು. ಸಹಿ ಮಾರನೆಯ ದಿನವೇ ಬಿತ್ತು. ಅವಳನ್ನು ಹೇಡಿ ಎನ್ನುವವರು ಅನ್ನಲಿ. ಶಾಲು ಹೊದ್ದವರನ್ನು ಏನೆನ್ನುತ್ತೀರಿ ಎಂದಷ್ಟೇ ನನ್ನ ಪ್ರಶ್ನೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ಪ್ರಬಂಧವನ್ನು ನಿಜಕ್ಕೂ ಓದಿದ್ದರು. ಅದೊಂದು ಅಪರೂಪ.

"ಈ ಮಕ್ಕಳು ಬೇರೆ ಬೇರೆ ಶಾಲೆಯವರಲ್ವಾ? ಅದನ್ನ ಯಾಕೆ ಲೆಕ್ಕಕ್ಕೆ ತಗೊಂಡಿಲ್ಲ?"

ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಅವರತ್ತ ನೋಡಿದಳು. ಅವರು ಗಾಜಿನ ಮೇಲಿಂದ ಕಣ್ಣೆತ್ತಲಿಲ್ಲ.

"ನನಗೆ ಹೊಳೀಲಿಲ್ಲ ಮೇಡಂ."

ಪರೀಕ್ಷಕಿ ಒಳ್ಳೆಯವರು. ಗದರಲಿಲ್ಲ. "ಪರವಾಗಿಲ್ಲಮ್ಮ, ಪಾಸ್ ಮಾಡೋಣ. ಆದ್ರೆ ಮಿಶ್ರ ಮಾದರಿ ಸ್ವಲ್ಪ ಓದ್ಕೊಳ್ಳಿ. ಇಂಥ ಗುರುಗಳು ಪಕ್ಕದಲ್ಲೇ ಇದ್ದಾರೆ, ಕೇಳಿದ್ರೆ ಹೇಳ್ಕೊಡ್ತಿರಲಿಲ್ವಾ?"

ಮಾರ್ಗದರ್ಶಕರು ಕನ್ನಡಕ ಹಾಕಿಕೊಂಡರು. "ವಯಸ್ಸಾದ್ಮೇಲೆ ಓದೋಕೆ ಬಂದವರು, ಅಷ್ಟು ಬೇಗ ತಲೆಗೆ ಹತ್ತಲ್ಲ," ಎಂದರು. "ನಾನು ಹೇಳ್ಕೊಡ್ತೀನಿ ಬಿಡಿ ಮೇಡಂ."

ಅವಳು ಇಬ್ಬರಿಗೂ ಕೈಮುಗಿದಳು.