ದುಖಾನ್‌ವರೆಗೆ ಬಂದ ಸೈನ್ಯ

2025ರ ಜೂನ್. ದೋಹಾದ ಒಂದು ಭಾರತೀಯ ಶಾಲೆಯಲ್ಲಿ ನಾನು ಹನ್ನೊಂದನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದೆ. ಸಮುದ್ರದ ಆಚೆ ಯುದ್ಧ ಶುರುವಾಗಿತ್ತು. ಊರಂಚಿನ ಮುಐದರ್ ಬಡಾವಣೆಯ ನಮ್ಮ ಮನೆಯ ಮೇಲೆ ವಿಮಾನ ಹಾರಿದರೂ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು.

ಎರಡನೇ ಮಹಾಯುದ್ಧದ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದೆ. ತಟಸ್ಥವಾಗಿದ್ದ ತುರ್ಕಿ ಜರ್ಮನಿಯ ಜೊತೆ ಸೇರಿದ್ದರೆ? ರಷ್ಯಾದ ಮೇಲಿನ ದಾಳಿ ಒಂದು ವರ್ಷ ತಡವಾಗಿದ್ದರೆ? ಇಂಥ ಊಹೆಯನ್ನು ಇತಿಹಾಸಕಾರರು ‘ಕೌಂಟರ್‌ಫ್ಯಾಕ್ಚುಯಲ್’ ಎನ್ನುತ್ತಾರೆ. ಆದದ್ದು ಯಾಕೆ ಆಯಿತು ಎಂದು ತಿಳಿಯಲು, ಆಗದೇ ಹೋದದ್ದನ್ನು ಯೋಚಿಸಿ ನೋಡುವ ಕ್ರಮ ಅದು.

ನಫೀಸಾ ಅದನ್ನು ರೇಡಿಯೋ ವಾರ್ತೆಯಾಗಿ ಓದಿದಳು. ವಿಟ್ಲ ಕಡೆಯ ಹುಡುಗಿ. ಅಪ್ಪ ಇಬ್ರಾಹಿಂ ಅವರದು ಮದೀನತ್ ಖಲೀಫಾದಲ್ಲಿ ಅಂಗಡಿ. ಅವಳ ಊಹೆಯಲ್ಲಿ ಜರ್ಮನ್ ಸೈನ್ಯ ತುರ್ಕಿ, ಇರಾಕ್ ದಾಟಿ ಕೊಲ್ಲಿಗೇ ಇಳಿದಿತ್ತು. ‘ಶತ್ರುಸೇನೆ ಹತ್ತಿರವಾಗಿದೆ. ದುಖಾನ್‌ನ ತೈಲಬಾವಿಗಳಿಗೆ ಸಿಮೆಂಟ್ ತುಂಬಲಾಗುತ್ತಿದೆ. ಕುಟುಂಬಗಳು ಕೂಡಲೇ ಹೊರಡಬೇಕು.’ ಯುದ್ಧದ ಭಯಕ್ಕೆ 1942ರಲ್ಲಿ, ದೋಹಾದಿಂದ ಪಶ್ಚಿಮಕ್ಕಿರುವ ಆ ಬಾವಿಗಳನ್ನು ನಿಜವಾಗಿಯೂ ಮುಚ್ಚಲಾಗಿತ್ತು. ಉಳಿದದ್ದು ಕಲ್ಪನೆ. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಯಾರೋ ಅದನ್ನು ರೆಕಾರ್ಡ್ ಮಾಡಿದ್ದರು. ಮಧ್ಯಾಹ್ನದೊಳಗೆ ಅದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿತು. ‘ಇಸವಿ 1942’ ಎಂಬ ಮೊದಲ ವಾಕ್ಯ ಅದರಲ್ಲಿರಲಿಲ್ಲ.

ಮೊದಲ ಫೋನ್ ಬಂದದ್ದು ಸುಮಾಳಿಂದ. ಮೈಸೂರಿನವಳು, ನನ್ನ ಪರಿಚಯದವಳು. ಗಂಡನಿಗೆ ದುಖಾನ್ ತೈಲಕ್ಷೇತ್ರದಲ್ಲಿ ಕೆಲಸ, ಮನೆಯೂ ಅಲ್ಲೇ.

“ಮೇಡಂ, ಬಾವಿ ಮುಚ್ತಿದಾರಂತೆ. ಇವ್ರು ಫೋನೇ ತೆಗೀತಿಲ್ಲ. ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು ದೋಹಾಕ್ಕೆ ಹೊರಟುಬಿಟ್ಟೆ.” ಹಿಂದಿನ ಸೀಟಿನಲ್ಲಿ ಮಗು ಅಳುವುದು ಕೇಳಿಸುತ್ತಿತ್ತು.

“ಸುಮಾ, ಮೊದಲು ಕಾರು ಪಕ್ಕಕ್ಕೆ ನಿಲ್ಲಿಸು. ಅದು ನನ್ನ ಕ್ಲಾಸಿನ ಪಾಠ. ಎಂಬತ್ತು ವರ್ಷದ ಹಿಂದಿನ ಕಥೆ.”

ಇಂಜಿನ್ ನಿಂತದ್ದು ಕೇಳಿಸಿತು. ಆಮೇಲೆ ಜೋರಾಗಿ ಅತ್ತಳು.

ಪ್ರಿನ್ಸಿಪಾಲರ ಕೋಣೆಗೆ ಹೋದಾಗ ಇಬ್ರಾಹಿಂ ಆಗಲೇ ಬಂದು ಕೂತಿದ್ದರು. ಇಲ್ಲಿ ಸುಳ್ಳು ಸುದ್ದಿ ಹರಡುವುದು ದೊಡ್ಡ ಅಪರಾಧ. “ಮಗಳನ್ನು ಪೊಲೀಸಿನವರು ಕರೆದ್ರೆ ಎಂತ ಮಾಡುದು ಮೇಡಂ? ಇಪ್ಪತ್ತು ವರ್ಷದಿಂದ ಇಲ್ಲೇ ಉಂಟು ನಾವು. ವೀಸಾ ಖಲಾಸ್ ಆದ್ರೆ ಊರಲ್ಲಿ ಎಂತ ಉಂಟು ನಮಗೆ?” ನಫೀಸಾ ಗೋಡೆಗೆ ಒರಗಿ ನಿಂತಿದ್ದಳು.

“ಯಾರೂ ಏನೂ ಹೇಳಬೇಡಿ. ನಾಳೆ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತದೆ” ಎಂದರು ಪ್ರಿನ್ಸಿಪಾಲರು.

ನಾಳೆಯವರೆಗೆ ಇನ್ನೆಷ್ಟು ಸುಮಾಗಳು ರಸ್ತೆಗಿಳಿಯಬೇಕು? ಹೊರಗೆ ಬಂದು ಫೋನಿಗೆ ನನ್ನ ಹೆಸರು, ಹುದ್ದೆ, ನಂಬರು ಹೇಳಿದೆ. ಇದು 1942ರ ಬಗ್ಗೆ ನಾನೇ ಕೊಟ್ಟ ಪ್ರಾಜೆಕ್ಟ್, ಹೊಣೆ ನನ್ನದು ಎಂದೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ರೆಕಾರ್ಡ್ ಮಾಡಿದೆ. ಅವೇ ಗುಂಪುಗಳಿಗೆಲ್ಲ ಕಳಿಸಿದೆ. ಇದರಿಂದ ನನ್ನ ಕೆಲಸವೇ ಹೋಗಬಹುದಿತ್ತು.

ಮರುದಿನ ಪೊಲೀಸ್ ಠಾಣೆಯಿಂದ ಕರೆ ಬಂತು. ಇಬ್ರಾಹಿಂ, ನಫೀಸಾ, ನಾನು ಮೂವರೂ ಹೋದೆವು. ಅಧಿಕಾರಿ ನಫೀಸಾಳದೂ ನನ್ನದೂ ಎರಡೂ ರೆಕಾರ್ಡಿಂಗ್‌ಗಳನ್ನು ಕೊನೆಯವರೆಗೆ ಕೇಳಿಸಿಕೊಂಡರು. ಇಬ್ರಾಹಿಂ ಅರಬಿಯಲ್ಲಿ ಏನೋ ಹೇಳಹೊರಟರು, ಅಧಿಕಾರಿ ಕೈಯೆತ್ತಿ ತಡೆದು ನನ್ನನ್ನು ಕೇಳಿದರು: “ಹೆಸರು ಯಾಕೆ ಹೇಳಿದಿರಿ?”

“ಹೆಸರಿಲ್ಲದ ದನಿಯನ್ನು ಜನ ನಂಬಿ ಹೆದರಿದ್ದರು. ಹೆಸರಿರುವ ದನಿಯೊಂದು ಬೇಕಿತ್ತು.”

ಅವರು ನಫೀಸಾಳ ಕಡೆ ನೋಡಿ “ಓದು ಮುಂದುವರಿಸು” ಎಂದಷ್ಟೇ ಹೇಳಿ ಕಳಿಸಿದರು. ಹೊರಗೆ ಬಂದವರೇ ಇಬ್ರಾಹಿಂ ಬಿಸಿಲಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅದೇ ತಿಂಗಳು ಒಂದು ಸಂಜೆ ಸಮುದ್ರದ ಆಚೆಯಿಂದ ನಿಜವಾಗಿಯೂ ಕ್ಷಿಪಣಿಗಳು ಬಂದವು, ಆಕಾಶದಲ್ಲಿ ಕಿತ್ತಳೆ ಬೆಳಕು ಸಿಡಿಯಿತು. ನಮ್ಮ ಕಿಟಕಿಗಳು ಅದುರಿದವು. ಫೋನ್ ಹೊಡೆದುಕೊಳ್ಳತೊಡಗಿತು. ಗೊತ್ತಿಲ್ಲದ ನಂಬರುಗಳು, ಕೇಳುವುದು ಒಂದೇ: “ಮೇಡಂ, ಇದು ನಿಜವಾ?”

ಕಿಟಕಿಯಿಂದ ಸರಿದು ಗೋಡೆಗೆ ಆತು ನಿಂತು ಒಬ್ಬೊಬ್ಬರಿಗೂ ಹೇಳಿದೆ: “ಹೌದು. ಇದು ಈಗಿನದು. ಮನೆಯೊಳಗೇ ಇರಿ.” ಏನಾಯಿತು ಎನ್ನುವುದಕ್ಕಿಂತ ಮೊದಲು ಯಾವಾಗ ಆಯಿತು ಎಂದು ಹೇಳಬೇಕೆಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಅದು ಪರೀಕ್ಷೆಯ ಅಂಕಕ್ಕಲ್ಲ, ಜನರ ಜೀವಕ್ಕೆ ಬೇಕಾದದ್ದು ಎಂದು ಪಾಠ ಹೇಳುವ ಈ ಕೆಲಸ ನನಗೇ ಕಲಿಸಿದ್ದು ಆ ಸಂಜೆ.