ಖಾಲಿ ಕರಡಿಗೆ ಕಟ್ಟಿಕೊಂಡು ಹಡಗಲಿಗೆ

ಕೂಡ್ಲಿಗಿ ನಿಲ್ದಾಣದಲ್ಲಿ ಕೊಟ್ಟೂರಿನ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆ. ಟಿಕೆಟಿಗೆ ಏಳು ರೂಪಾಯಿ. ತೊಂಬತ್ತರ ದಶಕದ ಕೊನೆಯ ಮಾತು, ಬಿ.ಎಡ್. ಮುಗಿಸಿದ್ದ ನನಗೆ ಹಡಗಲಿಯ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತ್ತು. ಅಂದು ಸಂಜೆ ಐದರೊಳಗೆ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ.

ಬಸ್ಸು ಬಿಟ್ಟದ್ದಕ್ಕೆ ಕಾರಣವಿತ್ತು. ಮೂರು ವಾರದ ಹಿಂದೆ ಅದೇ ಶಾಲೆಯ ಸಂದರ್ಶನ ಮುಗಿಸಿ ಬರುವಾಗ, ಹಗರಿಬೊಮ್ಮನಹಳ್ಳಿಗೆ ಮುಂಚಿನ ಹಳ್ಳದ ತಗ್ಗು ಸೇತುವೆಯಲ್ಲಿ ನಮ್ಮ ಬಸ್ಸಿನ ಹಿಂದಿನ ಗಾಲಿ ಅಂಚು ಬಿಟ್ಟು ಜಾರಿತ್ತು. ಕೆಂಪು ನೀರು ಸೀಟಿನ ತನಕ ಏರಿತು. ಹೊಲದವರು ಹಗ್ಗ ಎಸೆದು ಎಲ್ಲರನ್ನೂ ಕಿಟಕಿಯಿಂದ ಎಳೆದುಕೊಂಡರು. ಯಾರೂ ಸಾಯಲಿಲ್ಲ. ಆದರೆ ನಾನು ಕಣ್ಣು ಮುಚ್ಚಿದಾಗಲೆಲ್ಲ ಬಸ್ಸು ಮತ್ತೆ ವಾಲುತ್ತಿತ್ತು. ಕೈ ನಡುಕವೂ ನಿಂತಿರಲಿಲ್ಲ.

ಜೊತೆಗೆ ಬರಲೊಪ್ಪಿದ್ದ ಸೋದರತ್ತೆ ಬಸಮ್ಮ ಕೊಟ್ಟೂರಿನ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದರು.

“ಏಳು ಗಂಟಿಯಿಂದ ನಿಂತೀನವಾ. ಬಸ್ಸಿಗೆ ಬಂದ್ಯೋ, ಎತ್ತಿನ ಬಂಡಿಗೆ ಬಂದ್ಯೋ?”

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದೆ. ಅತ್ತೆ ಮುಟ್ಟಲಿಲ್ಲ. ಇಷ್ಟಲಿಂಗದ ಪೂಜೆಯಾಗದೆ ಅವರು ನೀರೂ ಕುಡಿಯುವುದಿಲ್ಲ.

“ನೀ ಪೂಜಿ ಮಾಡ್ಕೊಂಡು ಬಂದೀಯಲ್ಲ?”

“ಹೂಂರಿ” ಎಂದೆ. ಸುಳ್ಳು.

ಮಳೆ ಹೊಳವಾಗಿ ಬಿಸಿಲು ಹಿತವಾಗಿತ್ತು. ಆದರೂ ಅದೇ ಹಳ್ಳದ ಸೇತುವೆಯ ಮೇಲೆ ಗೇಣು ನೀರು ಹರಿಯುತ್ತಿತ್ತು. ಚಾಲಕ ಬಸ್ಸು ನಿಲ್ಲಿಸಿದ. “ನೀರು ಇಳಿಲಿ, ಆಮ್ಯಾಲೆ ನೋಡೂಣು. ಕೆಳಗ ಇಳೀರಿ” ಎಂದ ಕಂಡಕ್ಟರ್. ನನ್ನ ಕಾಲು ಇಳಿಯಲೂ ಒಪ್ಪಲಿಲ್ಲ. ಅತ್ತೆಯೇ ಕೈ ಹಿಡಿದು ಇಳಿಸಿದರು.

ಬೇವಿನ ಮರದಡಿ ಟವೆಲ್ ಹಾಸಿ, ಕೈ ತೊಳೆದು, ವಿಭೂತಿ ಹಚ್ಚಿಕೊಂಡು ಅವರು ಪೂಜೆಗೆ ಕೂತರು. ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ರೆಪ್ಪೆ ಬಡಿಯದೆ ನೋಡುವುದೇ ಪೂಜೆಯ ಮುಖ್ಯ ಭಾಗ. “ಇನ್ನೊಮ್ಮೆ ಮಾಡಿದ್ರ ತಪ್ಪಿಲ್ಲ, ಕೂಡು” ಎಂದರು. ಕೊರಳಲ್ಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆ ಬಿಚ್ಚಿದೆ. ಒಳಗೆ ಲಿಂಗವಿರಲಿಲ್ಲ. ಹಳ್ಳದಲ್ಲಿ ನೆನೆದ ದಾರ ಬದಲಿಸಲು ಅವ್ವ ಅಂದೇ ಲಿಂಗವನ್ನು ತೆಗೆದು ದೇವರ ಜಗಲಿಯ ಮೇಲಿಟ್ಟಿದ್ದಳು. ನಾನು ಖಾಲಿ ಕರಡಿಗೆಯನ್ನೇ ಕಟ್ಟಿಕೊಂಡಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ.

“ಪೂಜಿ ಮಾಡ್ಕೊಂಡು ಬಂದಾಕಿ ನೋಡ್ರಿ ಇಕಿ. ಎಷ್ಟು ದಿನ ಆತಲೇ ಖಾಲಿ ಡಬ್ಬಿ ಕಟ್ಕೊಂಡು ತಿರುಗಾಕತ್ತಿ?”

“ಮೂರು ವಾರರಿ.”

ಬೈಯುತ್ತಾರೆಂದುಕೊಂಡೆ. ಅತ್ತೆ ಟವೆಲಿನ ಮೇಲೆ ಸರಿದು ಜಾಗ ಮಾಡಿದರು.

“ನಂದು ಕೊಡಾಕ ಬರಂಗಿಲ್ಲ. ಅವರವರದು ಅವರಿಗೆ. ಅಂಗೈ ಐತಲ್ಲ, ಅದನ್ನ ನೋಡು.”

“ಕೈ ನಡುಗತೈತಿ, ಅತ್ತಿ.”

“ನಡುಗೂದನ್ನ ನೋಡು. ಕಣ್ಣು ಮಾತ್ರ ಮುಚ್ಚಬ್ಯಾಡ.”

ನೋಡಿದೆ. ಮೊದಲು ಬರೀ ನಡುಕ ಕಂಡಿತು. ಆಮೇಲೆ ಗೆರೆಗಳು, ಮಿರ್ಚಿಯ ಎಣ್ಣೆ, ಹಗ್ಗ ಉಜ್ಜಿದ್ದ ಗಾಯದ ಗುರುತು. ಗುರುತು ಆಗಲೇ ಮಾಸಿತ್ತು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಕೆಂಪು ನೀರು ತೆರೆದ ಕಣ್ಣಿಗೆ ಬರಲಿಲ್ಲ. ನಡುಕ ನಿಲ್ಲಲಿಲ್ಲ, ಉಸಿರು ಮಾತ್ರ ತಹಬಂದಿಗೆ ಬಂತು.

ನೀರು ಇಳಿದು ಸೇತುವೆಯ ಕಲ್ಲುಗಳು ಕಂಡಾಗ ಕಂಡಕ್ಟರ್ ಕರೆದ. ಎಲ್ಲರಿಗಿಂತ ಕೊನೆಗೆ ಹತ್ತಿ, ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತೆ. ಪಕ್ಕದ ಸಾಲಿನಲ್ಲಿದ್ದ ತಂಬ್ರಹಳ್ಳಿಯ ರೈತ ಬಗ್ಗಿ ನೋಡಿದ.

“ಹಸ್ತ ನೋಡಾಕ ಬರತೈತೇನ್ರಿ? ಬಸ್ಸು ದಾಟತೈತಾ ಹೆಂಗ, ಹೇಳ್ರಿ.”

“ಗೊತ್ತಿಲ್ಲರಿ, ಈಗ ಕಲಿಯಾಕತ್ತೀನಿ.”

ಬಸ್ಸು ಸೇತುವೆಗೆ ಇಳಿಯಿತು. ಗಾಲಿಯಡಿ ನೀರು ಚಿಮ್ಮಿತು. ಅಂಗೈಯಿಂದ ಕಣ್ಣೆತ್ತಿ ಕಿಟಕಿಯಾಚೆ ನೋಡಿದೆ: ಹರಿಯುವ ನೀರು, ಬಾಗಿದ ಜೊಂಡು, ಎರಡು ಕೊಕ್ಕರೆ. ಬಸ್ಸು ಏದುಸಿರು ಬಿಡುತ್ತ ಆಚೆ ದಂಡೆ ಏರಿತು. ಖುಷಿಯಿಂದ ಅತ್ತೆಯ ಕಡೆ ತಿರುಗಿದೆ. ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದರು.

“ಅತ್ತಿ, ದಾಟೀವಿ. ಕಣ್ಣು ತೆಗೀರಿ.”

“ನಿದ್ದಿ ಬಂದಿತ್ತು” ಎಂದರು.

ನಾಲ್ಕು ಗಂಟೆಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಓರೆಯಾಗಿತ್ತು, ಆದರೆ ನನ್ನದೇ. ಅತ್ತೆಯನ್ನು ಬೀಳ್ಕೊಡಲು ನಿಲ್ದಾಣಕ್ಕೆ ಬಂದೆ. ಮತ್ತೆ ಅದೇ ಹಳ್ಳ ದಾಟಬೇಕಾದ ಹಗರಿಬೊಮ್ಮನಹಳ್ಳಿಯ ಬಸ್ಸು ಸಿದ್ಧವಾಗಿ ನಿಂತಿತ್ತು. ಅತ್ತೆ ಅದರ ಕಡೆ ನೋಡಲೇ ಇಲ್ಲ.

“ನಾ ಹರಪನಹಳ್ಳಿ ಮ್ಯಾಲೆ ಹೋಗ್ತೀನವಾ.”

“ಸುತ್ತಾಗತೈತಲ್ರಿ?”

“ಅಲ್ಲಿ ಗೆಳತಿ ಒಬ್ಬಾಕಿ ಅದಾಳ. ಮಾತಾಡಿಸಿ ಭಾಳ ದಿನ ಆತು.”

“ಯಾರ್ರಿ ಅದು?”

“ಹೋದಮ್ಯಾಲೆ ನೆನಪಾಗತೈತಿ” ಎಂದು ಅವರು ಹರಪನಹಳ್ಳಿಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ನನ್ನತ್ತ ನೋಡದೆ ನಗತೊಡಗಿದರು.